ಜಾಗಟೆಯ ಅಧಿಪತ್ಯ

ಪಯಸ್ವಿನಿ ಮತ್ತು ಕುಮಾರಧಾರೆಗಳು ಹರಿಯುವ ನಮ್ಮ ಸೀಮೆಯಲ್ಲಿ, ದೀಪಾವಳಿ ಕಳೆದು ಪತ್ತನಾಜೆ ಬರುವವರೆಗಿನ ಇರುಳುಗಳನ್ನು ಒಂದು ಕಾಲದಲ್ಲಿ ಆಳಿದವು ಯಕ್ಷಗಾನ ಮೇಳಗಳು. ಕೊಯ್ಲಾದ ಗದ್ದೆಯಲ್ಲಿ ಡೇರೆ ಎದ್ದ ಸಂಜೆ ಪುತ್ತೂರು, ಸುಳ್ಯ, ಕಡಬಗಳ ಮೂಲೆ ಮೂಲೆಯ ಜನ ಸೂಟೆ ಬೀಸಿಕೊಂಡು ಬಂದು ಟಿಕೆಟು ಕೊಂಡು ಬೆಳಗಿನವರೆಗೆ ಕೂರುತ್ತಿದ್ದರು. ಆ ಸಾಮ್ರಾಜ್ಯದ ಅಧಿಪತಿ, ಪದ ಹಾಡಿ ಆಟ ನಡೆಸುವ ಭಾಗವತ. ಆತನ ಜಾಗಟೆ ಸದ್ದಾಗದೆ ದೇವೇಂದ್ರನ ಒಡ್ಡೋಲಗವೂ ಇಲ್ಲ, ರಾವಣನ ಪತನವೂ ಇಲ್ಲ. ಬಲಿಪರ ಮನೆತನ, ಅಗರಿ ಶ್ರೀನಿವಾಸ ಭಾಗವತರು, ದಾಮೋದರ ಮಂಡೆಚ್ಚರು, ಕಡತೋಕ ಮಂಜುನಾಥ ಭಾಗವತರು ಒಬ್ಬೊಬ್ಬರೂ ಒಂದೊಂದು ಯುಗ. ಸುಳ್ಯದ ಕಲ್ಮಡ್ಕ ನೀಡಿದ ಪದ್ಯಾಣ ಗಣಪತಿ ಭಟ್ಟರು ಸುರತ್ಕಲ್ ಮೇಳದಲ್ಲಿ ಕೀರ್ತಿಶಿಖರವೇರಿದರು. ಇವರೆಲ್ಲರೂ ಪುರುಷರು. ಆ ಪೀಠ ಸ್ತ್ರೀಗೆ ಸಲ್ಲಬಹುದೆಂಬ ಕಲ್ಪನೆಯೇ ಅಂದು ನಾಡಿಗಿರಲಿಲ್ಲ.

ದೇಶ ಸ್ವತಂತ್ರವಾದ 1947ರಲ್ಲೇ, ಇನ್ನೂ ದಕ್ಷಿಣ ಕನ್ನಡದ ಭಾಗವಾಗಿದ್ದ ಕಾಸರಗೋಡಿನ ಮಧೂರಿನಲ್ಲಿ, ಮುಂದೆ ಆ ಪೀಠವೇರಿದ ಲೀಲಾವತಿ ಜನಿಸಿದರು. ಅವರ ಬಾಲ್ಯದಲ್ಲೇ, 1956ರಲ್ಲಿ, ಆ ಊರು ಕೇರಳಕ್ಕೆ ಸೇರಿತು. ಗಡಿ ಸರಿಯಿತು, ಕನ್ನಡ ಉಳಿಯಿತು. ಶಾಸ್ತ್ರೀಯ ಸಂಗೀತವನ್ನು ಕಂಠಗತ ಮಾಡಿಕೊಂಡ ಆಕೆಯನ್ನು ವಿಧಿ ಕಡಬಕ್ಕೆ ತಂದಿತು. ಅವರ ಕೈಹಿಡಿದ ಅಲ್ಲಿನ ಹರಿನಾರಾಯಣ ಬೈಪಾಡಿತ್ತಾಯರು ಚೆಂಡೆ ಮದ್ದಳೆಗಳಲ್ಲಿ ಪಳಗಿದ ಹಿಮ್ಮೇಳದ ಕಲಾವಿದರು. ಪತಿಯೇ ಗುರುವಾದರು. ಈ ದಾಂಪತ್ಯವನ್ನು ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಇತಿಹಾಸದ ಒಂದು ಮಹತ್ತರ ತಿರುವೆಂದು ನಾನು ಎಣಿಸುತ್ತೇನೆ.

ಸಂಗೀತ ಕಚೇರಿಯ ವಿದ್ಯೆಯೊಂದೇ ರಂಗಸ್ಥಳದಲ್ಲಿ ಸಾಲದು. ಅಲ್ಲಿ ರಾಗವಿಸ್ತಾರಕ್ಕಿಂತ ಸಾಹಿತ್ಯದ ಸ್ಪಷ್ಟತೆ ದೊಡ್ಡದು. ಕಂದ, ದ್ವಿಪದಿ, ಭಾಮಿನಿ, ವಾರ್ಧಕಗಳ ನಡೆ ನಾಲಿಗೆಯಲ್ಲಿರಬೇಕು. ಅಷ್ಟತಾಳದಿಂದ ಏಕತಾಳಕ್ಕೆ ಹಾರುವಾಗ ವೇಷಧಾರಿಯ ಹೆಜ್ಜೆ ತಪ್ಪಬಾರದು. ಯುದ್ಧದ ಪದ್ಯಕ್ಕೆ ಚೆಂಡೆ ಭೋರ್ಗರೆಯುವಾಗ ಅದರ ಮೇಲೆ ನಿಲ್ಲುವ ಕಂಠ ಬೇಕು. ಒಂದು ಕಣ್ಣು ಪ್ರಸಂಗದ ಪುಸ್ತಕದಲ್ಲಿ, ಇನ್ನೊಂದು ಕಣ್ಣು ಕುಣಿಯುವವನ ಕಾಲಲ್ಲಿ, ಕೈಯಲ್ಲಿ ಜಾಗಟೆ: ಹೀಗೆ ನಿದ್ದೆಗೆಟ್ಟು ಹಾಡುವ ಈ ವೃತ್ತಿಯಲ್ಲಿ, ಲೀಲಾವತಿ ಬೈಪಾಡಿತ್ತಾಯರು ಹವ್ಯಾಸಿ ಕೂಟಗಳಲ್ಲಿ ತೃಪ್ತರಾಗದೆ ವೃತ್ತಿಮೇಳಗಳನ್ನೇ ಸೇರಿ ತಿರುಗಾಟ ಮಾಡಿದರು. ಪಕ್ಕದಲ್ಲಿ ಪತಿಯ ಮದ್ದಳೆ. ಅಳದಂಗಡಿಯ ಅರುವ ಮೇಳ ಅವರ ದಿಗ್ವಿಜಯದ ಪ್ರಮುಖ ನೆಲೆ. ತೆಂಕುತಿಟ್ಟಿನ ಪ್ರಥಮ ವೃತ್ತಿಪರ ಭಾಗವತೆಯೆಂಬ ಬಿರುದು ಸಂದದ್ದು ಯಾರ ಔದಾರ್ಯದಿಂದಲೂ ಅಲ್ಲ. ಇಂಥ ಅಸಂಖ್ಯ ಇರುಳುಗಳ ಶ್ರಮದಿಂದ.

ಕಾಲವಾದರೋ ಪ್ರತಿಕೂಲವಾಗಿತ್ತು. 1982ರಲ್ಲಿ ‘ಡಿಸ್ಕೋ ಡ್ಯಾನ್ಸರ್’ ಚಿತ್ರ ಬಂತು. ಬಪ್ಪಿ ಲಾಹಿರಿಯವರ ಸಂಗೀತ, ಉಷಾ ಉತ್ತುಪ್ ಅವರ ಕಂಠ ದೇಶದ ಯೌವನವನ್ನೇ ಸೆಳೆದವು. ಕ್ಯಾಸೆಟ್ಟು, ವಿಡಿಯೋ, ದೂರದರ್ಶನಗಳು ಹಳ್ಳಿಯ ಅಂಗಳಕ್ಕೂ ನುಗ್ಗಿದವು. ಡೇರೆಯ ಮೇಳಗಳು ಒಂದೊಂದಾಗಿ ಕ್ಷೀಣಿಸಿದವು. ಸುರತ್ಕಲ್ಲಿನಂಥ ಮಹಾಮೇಳವೂ ಅಸ್ತಂಗತವಾಯಿತು. ಹರಕೆಯ ಬಯಲಾಟ ಮಾತ್ರ ದೇವರ ಆಶ್ರಯದಲ್ಲಿ ಅಚಲವಾಗಿ ನಿಂತಿತು. ಬೈಪಾಡಿತ್ತಾಯ ದಂಪತಿ ಆ ಸಂಧಿಕಾಲದಲ್ಲಿ ಎದೆಗುಂದದೆ ಶಿಷ್ಯರನ್ನು ಬೆಳೆಸಿದರು. ಒಂದು ಡೇರೆ ಮಡಚಿದರೂ ವಿದ್ಯೆ ಮಡಚಲಿಲ್ಲವೆನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಮನ್ನಣೆ ತಡವಾಗಿ ಬಂತು. ರಾಜ್ಯೋತ್ಸವ ಪ್ರಶಸ್ತಿ 2023ರಲ್ಲಿ ಅವರನ್ನು ಅರಸಿ ಬಂದಾಗ ವಯಸ್ಸು 76. ಮರುವರ್ಷದ ಡಿಸೆಂಬರಿನಲ್ಲಿ ಅವರು ಕಾಲವಶರಾದರು. ಆ ವೇಳೆಗೆ ಕಾವ್ಯಶ್ರೀ ಅಜೇರು, ಭವ್ಯಶ್ರೀ ಕುಲ್ಕುಂದ ಮುಂತಾದವರು ಜಾಗಟೆ ಹಿಡಿದು ತಮ್ಮದೇ ಹೆಸರು ಗಳಿಸಿಯಾಗಿತ್ತು. ರಂಗಸ್ಥಳದಲ್ಲಿ ಭಾಗವತಿಕೆಗೆ ಹೆಣ್ಣುಮಗಳು ಕುಳಿತದ್ದನ್ನು ಕಂಡು ಬೆರಗಾಗುವವರು ಪುತ್ತೂರು, ಸುಳ್ಯದ ಕಡೆ ಈಗ ಯಾರೂ ಇಲ್ಲ.