ಪಲಾವ್ ಎಲೆ: ಹೆಸರು ಒಂದು, ಎಲೆಗಳು ಹಲವು

ಒಗ್ಗರಣೆಯ ಎಣ್ಣೆಗೆ ಎಲ್ಲಕ್ಕಿಂತ ಮೊದಲು ಬೀಳುವ, ಊಟದ ತಟ್ಟೆಯಿಂದ ಎಲ್ಲಕ್ಕಿಂತ ಮೊದಲು ಹೊರಬೀಳುವ ಪದಾರ್ಥವೆಂದರೆ ಪಲಾವ್ ಎಲೆ. ಪಲಾವ್, ಬಿರಿಯಾನಿ, ಕುರ್ಮಾಗಳಿಗೆ ಅದರ ಪರಿಮಳ ಬೇಕು, ಆದರೆ ಎಲೆಯನ್ನು ಯಾರೂ ತಿನ್ನುವುದಿಲ್ಲ. ಹೀಗಾಗಿ ಅದು ಯಾವ ಮರದ ಎಲೆ, ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯೂ ಅಡುಗೆಮನೆಯಲ್ಲಿ ಏಳುವುದು ಅಪರೂಪ.

ಬೆಂಗಳೂರು, ಮೈಸೂರು ಭಾಗದ ಕಿರಾಣಿ ಅಂಗಡಿಗಳಲ್ಲಿ ಇದು ಪಲಾವ್ ಎಲೆ. ಮರಾಠಿಯ ಒಡನಾಟವಿರುವ ಉತ್ತರ ಕರ್ನಾಟಕದಲ್ಲಿ ತಮಾಲಪತ್ರ. ಹಿಂದಿಯಲ್ಲಿ ತೇಜ್‌ಪತ್ತಾ. ಪ್ಯಾಕೆಟ್ಟಿನ ಮೇಲೆ ಇಂಗ್ಲಿಷಿನಲ್ಲಿ ಮುದ್ರಿಸುವಾಗ ಮಾತ್ರ ಇದೇ ಎಲೆ ‘ಬೇ ಲೀಫ್’ ಎನಿಸಿಕೊಳ್ಳುತ್ತದೆ. ಗೊಂದಲ ಆರಂಭವಾಗುವುದು ಇಲ್ಲಿಂದಲೇ. ಏಕೆಂದರೆ ಯುರೋಪಿನವರು ಬೇ ಲೀಫ್ ಎಂದು ಕರೆಯುವ ಎಲೆ ಬೇರೊಂದು ಮರದ್ದು. ಅದರ ಪರಿಮಳವೂ ಬೇರೆ, ಅದರ ಮೇಲೆ ನಡೆದಿರುವ ವೈದ್ಯಕೀಯ ಅಧ್ಯಯನಗಳೂ ಬೇರೆ. ವಿದೇಶಿ ಅಡುಗೆಯನ್ನು ಮನೆಯಲ್ಲಿ ಮಾಡುವವರಿಗೂ, ಸಕ್ಕರೆ ಕಾಯಿಲೆಗೆಂದು ಎಲೆಯ ಕಷಾಯ ಕುಡಿಯುವವರಿಗೂ ಈ ವ್ಯತ್ಯಾಸ ತಿಳಿದಿರುವುದು ಅಗತ್ಯ.

ಎರಡು ಮರ, ಎರಡು ಪರಿಮಳ

ನಮ್ಮ ಪಲಾವ್ ಎಲೆಯ ಸಸ್ಯಶಾಸ್ತ್ರೀಯ ಹೆಸರು ಸಿನ್ನಮೋಮಮ್ ತಮಾಲ. ದಾಲ್ಚಿನ್ನಿ, ಅಂದರೆ ಚಕ್ಕೆಯ ಮರವೂ ಇದೇ ಕುಲಕ್ಕೆ ಸೇರಿದ್ದು. ಯುರೋಪಿನ ಬೇ ಎಲೆ ಲಾರಸ್ ನೋಬಿಲಿಸ್ ಎಂಬ ಮರದ್ದು. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಪ್ರದೇಶ ಅದರ ತವರು. ಇಂದು ಈ ಎಲೆಯ ರಫ್ತಿನಲ್ಲಿ ಟರ್ಕಿ ದೇಶಕ್ಕೆ ಅಗ್ರಸ್ಥಾನ. ಎರಡೂ ಮರಗಳು ಲಾರೇಸಿ ಎಂಬ ಒಂದೇ ಕುಟುಂಬಕ್ಕೆ ಸೇರಿವೆ. ಬೆಣ್ಣೆಹಣ್ಣಿನ ಮರವೂ ಅದೇ ಕುಟುಂಬದ್ದು ಎಂಬುದನ್ನು ಗಮನಿಸಿದರೆ, ಈ ನಂಟು ಎಷ್ಟು ದೂರದ್ದೆಂದು ತಿಳಿಯುತ್ತದೆ.

ಪಲಾವ್ ಎಲೆಯನ್ನು ಕೈಯಲ್ಲಿ ಹಿಸುಕಿದರೆ ಚಕ್ಕೆ ಮತ್ತು ಲವಂಗ ಬೆರೆತಂತಹ ವಾಸನೆ ಬರುತ್ತದೆ. ಲವಂಗದಲ್ಲಿರುವ ಯೂಜೆನಾಲ್ ಮತ್ತು ಚಕ್ಕೆಯಲ್ಲಿರುವ ಸಿನ್ನಮಾಲ್ಡಿಹೈಡ್ ಎಂಬ ಅಂಶಗಳು ಈ ಎಲೆಯ ತೈಲದಲ್ಲಿಯೂ ಇರುವುದೇ ಇದಕ್ಕೆ ಕಾರಣ. ಯಾವ ಅಂಶ ಹೆಚ್ಚು ಎಂಬುದು ಮರ ಬೆಳೆದ ಪ್ರದೇಶ ಹಾಗೂ ತಳಿಯನ್ನು ಅವಲಂಬಿಸಿರುತ್ತದೆ. ಯುರೋಪಿನ ಬೇ ಎಲೆಯಲ್ಲಿ ಪ್ರಧಾನವಾಗಿರುವುದು ಸಿನಿಯೋಲ್. ನೀಲಗಿರಿ ಎಣ್ಣೆಗೆ ಅದರ ಘಾಟು ನೀಡುವುದೂ ಇದೇ ಅಂಶ. ಆದ್ದರಿಂದ ಆ ಎಲೆ ಸೇರಿದ ಸಾರಿನಲ್ಲಿ ಚಕ್ಕೆಯ ಸಿಹಿ ವಾಸನೆ ಇರದೆ, ಗಿಡಮೂಲಿಕೆಯ ತಣ್ಣನೆಯ ವಾಸನೆ ಇರುತ್ತದೆ.

ಕೇಂದ್ರ ಸರ್ಕಾರದ ಸಾಂಬಾರ ಮಂಡಳಿಯ ವ್ಯಾಪ್ತಿಗೆ ಬರುವ 52 ಸಾಂಬಾರ ಪದಾರ್ಥಗಳ ಪಟ್ಟಿಯಲ್ಲಿ ಬೇ ಎಲೆ ಮತ್ತು ತೇಜ್‌ಪತ್ತಾ ಎರಡೂ ಪ್ರತ್ಯೇಕವಾಗಿಯೇ ನಮೂದಾಗಿವೆ. ಪಟ್ಟಿಯಲ್ಲಿರುವ ಈ ಸ್ಪಷ್ಟತೆ ಅಂಗಡಿಯ ಪ್ಯಾಕೆಟ್ಟಿನ ಮೇಲೆ ಬಹುತೇಕ ಕಾಣಿಸುವುದಿಲ್ಲ.

ಗುರುತಿಸುವುದು ಹೇಗೆ?

ಎಲೆಯನ್ನು ಬೆಳಕಿಗೆ ಹಿಡಿದು ಅದರ ನರಗಳನ್ನು ನೋಡುವುದು ಸುಲಭದ ದಾರಿ. ಪಲಾವ್ ಎಲೆಯಲ್ಲಿ ತೊಟ್ಟಿನ ಬಳಿಯಿಂದ ತುದಿಯವರೆಗೆ ಉದ್ದುದ್ದವಾಗಿ ಮೂರು ನರಗಳು ಸಾಗುತ್ತವೆ. ಯುರೋಪಿನ ಬೇ ಎಲೆಯಲ್ಲಿ ನಡುವೆ ಒಂದೇ ಮುಖ್ಯ ನರವಿದ್ದು, ಅದರ ಇಕ್ಕೆಲಗಳಿಂದ ಸಣ್ಣ ನರಗಳು ಕವಲೊಡೆಯುತ್ತವೆ. ಗಾತ್ರದಲ್ಲಿಯೂ ಅಂತರವಿದೆ. ಪಲಾವ್ ಎಲೆ ಉದ್ದವಾಗಿದ್ದು, ಒಣಗಿದಾಗ ಮಾಸಲು ಹಸಿರು ಬಣ್ಣಕ್ಕೆ ತಿರುಗುತ್ತದೆ. ಯುರೋಪಿನ ಎಲೆ ಸಾಮಾನ್ಯವಾಗಿ ಅದಕ್ಕಿಂತ ಚಿಕ್ಕದು, ದಪ್ಪನೆಯದು.

ರೋಮಿನ ಅಡುಗೆಮನೆಯಲ್ಲಿ ತಮಾಲಪತ್ರ

ಎರಡೂ ಎಲೆಗಳಿಗೆ ತಮ್ಮದೇ ಆದ ದೀರ್ಘ ಇತಿಹಾಸವಿದೆ. ಪ್ರಾಚೀನ ಗ್ರೀಸಿನಲ್ಲಿ ಲಾರೆಲ್ ಮರ ಅಪೊಲೋ ದೇವತೆಗೆ ಪ್ರಿಯವಾದುದು. ಡೆಲ್ಫಿಯಲ್ಲಿ ನಡೆಯುತ್ತಿದ್ದ ಪಿಥಿಯನ್ ಕ್ರೀಡೆಗಳಲ್ಲಿ ಗೆದ್ದವರ ತಲೆಗೆ ಇದೇ ಎಲೆಗಳ ಕಿರೀಟ ತೊಡಿಸಲಾಗುತ್ತಿತ್ತು. ನೊಬೆಲ್ ಪುರಸ್ಕೃತರನ್ನು ಇಂಗ್ಲಿಷಿನಲ್ಲಿ ‘ಲಾರಿಯೇಟ್’ ಎನ್ನುವುದರ ಮೂಲ ಈ ಲಾರೆಲ್ ಕಿರೀಟವೇ.

ನಮ್ಮ ತಮಾಲಪತ್ರವೂ ಆ ಕಾಲದಲ್ಲಿಯೇ ಸಮುದ್ರ ದಾಟಿತ್ತು. ಕ್ರಿ.ಶ. ಮೊದಲನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ರಚಿತವಾದ ‘ಎರಿಥ್ರಿಯನ್ ಸಮುದ್ರದ ಪೆರಿಪ್ಲಸ್’ ಎಂಬ ವ್ಯಾಪಾರಿ ಕೈಪಿಡಿಯು, ಇಂದಿನ ಕೇರಳದ ತೀರದಲ್ಲಿದ್ದ ಮುಜಿರಿಸ್ ಮತ್ತು ನೆಲ್ಕಿಂಡ ಬಂದರುಗಳಿಂದ ರಫ್ತಾಗುತ್ತಿದ್ದ ಸರಕುಗಳಲ್ಲಿ ಕಾಳುಮೆಣಸಿನ ಜೊತೆಗೆ ‘ಮಲಬಾಥ್ರಮ್’ ಅನ್ನು ಹೆಸರಿಸುತ್ತದೆ. ಮೂಲ ಸಂಸ್ಕೃತ ಪದ ತಮಾಲಪತ್ರ. ಅದರ ಮೊದಲ ಅಕ್ಷರವನ್ನು ಗ್ರೀಕರು ತಮ್ಮ ಭಾಷೆಯ ಬಹುವಚನದ ‘ತಾ’ ಎಂಬ ಉಪಪದವೆಂದು ಭಾವಿಸಿ ಬಿಟ್ಟುಬಿಟ್ಟಿದ್ದರಿಂದ ‘ಮಲಬಾಥ್ರಮ್’ ಉಳಿಯಿತು ಎಂದು ಭಾಷಾಶಾಸ್ತ್ರಜ್ಞರು ವಿವರಿಸುತ್ತಾರೆ. ರೋಮನ್ನರು ಇದನ್ನು ಸುಗಂಧ ತೈಲಗಳಿಗೆ ಬಳಸುತ್ತಿದ್ದರು. ಅಪಿಸಿಯಸ್‌ನ ಹೆಸರಿನಲ್ಲಿ ಉಳಿದುಬಂದಿರುವ ರೋಮನ್ ಪಾಕಗ್ರಂಥದಲ್ಲಿಯೂ ಇದರ ಉಲ್ಲೇಖವಿದೆ. ಅಂದರೆ ಮನೆಯಂಗಳದಲ್ಲಿಯೇ ಲಾರೆಲ್ ಎಲೆ ದೊರೆಯುತ್ತಿದ್ದ ರೋಮನ್ನರು, ಭಾರತದ ಎಲೆ ಬೇರೆಯದೆಂದು ಅರಿತು ಹಣ ಕೊಟ್ಟು ತರಿಸಿಕೊಳ್ಳುತ್ತಿದ್ದರು.

ಎಲೆ ಬರುವ ದಾರಿ

ತಮಾಲ ಮರ ಹಿಮಾಲಯದ ತಪ್ಪಲಿನ ನಿತ್ಯಹರಿದ್ವರ್ಣ ಮರ. ಉತ್ತರಾಖಂಡ, ನೇಪಾಳ, ಸಿಕ್ಕಿಂ, ಭೂತಾನ್, ಅಸ್ಸಾಂ ಹಾಗೂ ಮೇಘಾಲಯದ ಖಾಸಿ ಮತ್ತು ಜೈಂತಿಯಾ ಬೆಟ್ಟಗಳಲ್ಲಿ ಇದು ಬೆಳೆಯುತ್ತದೆ. ಗಿಡ ನೆಟ್ಟು ಹಲವು ವರ್ಷ ಕಾಯ್ದ ನಂತರವೇ ಎಲೆಯ ಕೊಯ್ಲು ಆರಂಭ. ಮಳೆಗಾಲ ಮುಗಿದ ಮೇಲೆ, ಒಣ ಹವೆಯ ತಿಂಗಳುಗಳಲ್ಲಿ ಸಣ್ಣ ಕೊಂಬೆಗಳನ್ನು ಎಲೆಗಳ ಸಮೇತ ಕತ್ತರಿಸಿ, ಬಿಸಿಲಿಗೆ ಒಣಗಿಸಿ, ಕಟ್ಟು ಕಟ್ಟಿ ಮಾರುಕಟ್ಟೆಗೆ ಸಾಗಿಸಲಾಗುತ್ತದೆ. ಹಳೆಯ ಮರಗಳಿಗೆ ಒಂದು ವರ್ಷ ಬಿಡುವು ಕೊಟ್ಟು ಕೊಯ್ಯುವ ಪದ್ಧತಿಯೂ ಇದೆ. ಅಂಗಡಿಯಲ್ಲಿ ಎಲೆಗಳ ನಡುವೆ ಕಡ್ಡಿಗಳು ಸಿಗುವುದಕ್ಕೆ ಈ ಕೊಯ್ಲಿನ ಕ್ರಮವೇ ಕಾರಣ.

2016ರಲ್ಲಿ ಉತ್ತರಾಖಂಡದ ತೇಜ್‌ಪತ್ತಾಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಬೆಟ್ಟದ ಸಣ್ಣ ಹಿಡುವಳಿದಾರರಿಗೆ ಈ ಮರ ಆದಾಯದ ಮೂಲ. ಎಲೆಯನ್ನು ‘ಬೇ ಲೀಫ್’ ಎಂದಷ್ಟೇ ಮುದ್ರಿಸಿ ಮಾರಿದಾಗ, ಅದು ಯಾವ ಬೆಟ್ಟದಿಂದ ಬಂದಿತೆಂಬ ಗುರುತೂ ಅಳಿಸಿಹೋಗುತ್ತದೆ.

ಪಶ್ಚಿಮ ಘಟ್ಟದ ಬಂಧುಗಳು

ಕರ್ನಾಟಕದಲ್ಲಿ ತಮಾಲ ಮರ ಸಹಜವಾಗಿ ಬೆಳೆಯುವುದಿಲ್ಲವಾದರೂ ಅದರ ಸಮೀಪದ ಬಂಧು ಇಲ್ಲಿದೆ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಕಾಣುವ ಕಾಡುದಾಲ್ಚಿನ್ನಿಯ ಸಸ್ಯಶಾಸ್ತ್ರೀಯ ಹೆಸರು ಸಿನ್ನಮೋಮಮ್ ಮಲಬಾಟ್ರಮ್. ಗ್ರೀಕರ ಬಾಯಲ್ಲಿ ಮೊಟಕಾದ ‘ಮಲಬಾಥ್ರಮ್’ ಪದ ಈ ಹೆಸರಿನಲ್ಲಿ ಇಂದಿಗೂ ಉಳಿದಿದೆ. ಇದರ ಎಲೆಯಲ್ಲಿಯೂ ಮೂರು ನರಗಳಿವೆ. ನೆರೆಯ ಕೇರಳದಲ್ಲಿ ಹಲಸಿನ ಹಣ್ಣು, ಅಕ್ಕಿ ಹಿಟ್ಟು ಮತ್ತು ಬೆಲ್ಲದ ಮಿಶ್ರಣವನ್ನು ಈ ಎಲೆಯ ಪೊಟ್ಟಣದಲ್ಲಿಟ್ಟು ಹಬೆಯಲ್ಲಿ ಬೇಯಿಸುವ ಕುಂಬಿಳಪ್ಪಂ ಪ್ರಸಿದ್ಧ. ನಮ್ಮ ಕರಾವಳಿ, ಮಲೆನಾಡಿನ ಅರಿಸಿನ ಎಲೆಯ ಕಡುಬನ್ನು ಬಲ್ಲವರಿಗೆ ಎಲೆಯ ಪರಿಮಳವನ್ನು ಹಿಟ್ಟಿಗೆ ಇಳಿಸುವ ಈ ಕ್ರಮ ಹೊಸದೇನಲ್ಲ.

ಇದಲ್ಲದೆ ನರ್ಸರಿಗಳಲ್ಲಿ ಸರ್ವಸಾಂಬಾರ ಎಂಬ ಹೆಸರಿನ ಗಿಡ ದೊರೆಯುತ್ತದೆ. ಪಿಮೆಂಟಾ ಡಯೋಯಿಕಾ ಎಂಬ ಇದು ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ಮೂಲದ್ದಾಗಿದ್ದು, ನೇರಳೆ ಮತ್ತು ಲವಂಗದ ಕುಟುಂಬಕ್ಕೆ ಸೇರಿದೆ. ಹಿತ್ತಿಲಲ್ಲಿ ಈ ಗಿಡವಿರುವವರು ಇದರ ಹಸಿ ಎಲೆಯನ್ನೇ ಪಲಾವಿಗೆ ಹಾಕುತ್ತಾರೆ. ಇದರ ಪರಿಮಳ ತೀಕ್ಷ್ಣವಾದ್ದರಿಂದ ಒಂದು ಎಲೆ ಸಾಕು.

ಅಡುಗೆಯಲ್ಲಿ ಬಳಕೆ

ಪಲಾವ್ ಎಲೆಯ ಸುಗಂಧ ತೈಲ ಎಣ್ಣೆ, ತುಪ್ಪಗಳಲ್ಲಿ ಚೆನ್ನಾಗಿ ಕರಗುತ್ತದೆ. ಆದ್ದರಿಂದ ಚಕ್ಕೆ, ಲವಂಗ, ಏಲಕ್ಕಿಗಳೊಂದಿಗೆ ಇದನ್ನು ಮೊದಲೇ ಸಣ್ಣ ಉರಿಯಲ್ಲಿ ಬಾಡಿಸಬೇಕು. ಉರಿ ಹೆಚ್ಚಾಗಿ ಎಲೆ ಕಪ್ಪಾದರೆ ಅಡುಗೆಗೆ ಕಹಿ ಇಳಿಯುತ್ತದೆ. ಎರಡು ಲೋಟ ಅಕ್ಕಿಯ ಪಲಾವಿಗೆ ಮಧ್ಯಮ ಗಾತ್ರದ ಎರಡು ಎಲೆ ಸಾಕಾಗುತ್ತದೆ. ಎಲೆಯನ್ನು ಇಡಿಯಾಗಿ ಅಥವಾ ಎರಡು ತುಂಡು ಮಾಡಿ ಹಾಕುವುದು ಒಳ್ಳೆಯದು. ಸಣ್ಣ ಚೂರುಗಳಾದರೆ ಬಡಿಸುವಾಗ ಆರಿಸಿ ತೆಗೆಯುವುದು ಕಷ್ಟ.

ಬಂಗಾಳದಲ್ಲಿ ಈ ಎಲೆಯ ಬಳಕೆ ಇನ್ನೂ ವ್ಯಾಪಕ. ಅಲ್ಲಿ ಬೇಳೆಯ ಒಗ್ಗರಣೆಗೆ ಒಣಮೆಣಸಿನಕಾಯಿಯ ಜೊತೆ ತೇಜ್‌ಪತ್ತಾ ಬೀಳುತ್ತದೆ. ‘ಪಾಯೇಶ್’ ಎಂಬ ಅಕ್ಕಿ ಪಾಯಸಕ್ಕೆ ಹಾಲು ಕುದಿಯುವಾಗಲೇ ಒಂದೆರಡು ಎಲೆ ಸೇರಿಸುತ್ತಾರೆ. ಮಸಾಲೆಯ ಅಡುಗೆಗೆ ಮಾತ್ರ ಪಲಾವ್ ಎಲೆ ಎಂದು ಭಾವಿಸಿರುವವರು ಒಮ್ಮೆ ಗಸಗಸೆ ಅಥವಾ ಅಕ್ಕಿ ಪಾಯಸಕ್ಕೆ ಒಂದು ಎಲೆ ಹಾಕಿ ನೋಡಬಹುದು. ಗರಂ ಮಸಾಲೆಗೆ ಬಳಸುವುದಾದರೆ ನಡುವಿನ ಗಟ್ಟಿ ನರವನ್ನು ತೆಗೆದು, ಎಲೆಯನ್ನು ಬೆಚ್ಚಗೆ ಹುರಿದು, ನುಣ್ಣಗೆ ಪುಡಿ ಮಾಡಬೇಕು.

ಫ್ರೆಂಚ್ ಅಡುಗೆಯಲ್ಲಿ ಥೈಮ್, ಪಾರ್ಸ್ಲಿ ಮತ್ತು ಬೇ ಎಲೆಗಳನ್ನು ಸೇರಿಸಿ ದಾರದಿಂದ ಕಟ್ಟಿದ ಸಣ್ಣ ಕಂತೆಯನ್ನು ಸೂಪಿಗೆ ಇಳಿಬಿಡುವ ಪದ್ಧತಿಯಿದೆ. ಪಾಶ್ಚಾತ್ಯ ಪಾಕಪುಸ್ತಕದಲ್ಲಿ ಬೇ ಎಲೆ ಎಂದಿದ್ದಾಗ ಪಲಾವ್ ಎಲೆ ಹಾಕಿದರೆ ಅಡುಗೆ ಕೆಡುವುದಿಲ್ಲ, ಆದರೆ ಸೂಪಿಗೆ ಚಕ್ಕೆಯ ವಾಸನೆ ಬರುತ್ತದೆ. ಹಾಗೆಯೇ ವಿದೇಶದಲ್ಲಿ ನೆಲೆಸಿರುವ ಕನ್ನಡಿಗರು ಅಲ್ಲಿನ ಅಂಗಡಿಯ ಬೇ ಎಲೆಯಿಂದ ಪಲಾವ್ ಮಾಡಿದಾಗ ಮನೆಯ ರುಚಿ ಬಾರದಿದ್ದರೆ, ದೋಷ ಕೈಗುಣದ್ದಲ್ಲ, ಎಲೆಯದ್ದು. ಭಾರತೀಯ ಅಂಗಡಿಯಲ್ಲಿ ತೇಜ್‌ಪತ್ತಾ ಎಂದೇ ಕೇಳಿ ಪಡೆಯುವುದು ಇದಕ್ಕೆ ಪರಿಹಾರ.

ಕೊಳ್ಳುವಾಗ ಹಸಿರು ಛಾಯೆ ಉಳಿದಿರುವ, ಕಲೆಗಳಿಲ್ಲದ, ಮುರಿದಾಗ ಪರಿಮಳ ಬರುವ ಎಲೆಗಳನ್ನು ಆರಿಸಬೇಕು. ಕಂದುಬಣ್ಣಕ್ಕೆ ತಿರುಗಿ ವಾಸನೆ ಕಳೆದುಕೊಂಡ ಎಲೆಯಿಂದ ಪ್ರಯೋಜನವಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ, ಬೆಳಕು ಬೀಳದ ಕಡೆ ಇರಿಸಿದರೆ ಪರಿಮಳ ಹೆಚ್ಚು ಕಾಲ ಉಳಿಯುತ್ತದೆ.

ಆಯುರ್ವೇದ ಮತ್ತು ಮನೆಮದ್ದು

ಆಯುರ್ವೇದ ಗ್ರಂಥಗಳಲ್ಲಿ ಈ ಎಲೆಗೆ ‘ಪತ್ರ’ ಎಂದೇ ಹೆಸರು. ಚಕ್ಕೆ, ಏಲಕ್ಕಿ ಮತ್ತು ಪತ್ರ ಸೇರಿದರೆ ತ್ರಿಜಾತಕ. ಅದಕ್ಕೆ ನಾಗಕೇಸರ ಸೇರಿದರೆ ಚತುರ್ಜಾತಕ. ಚ್ಯವನಪ್ರಾಶದಲ್ಲಿಯೂ ಈ ನಾಲ್ಕು ದ್ರವ್ಯಗಳಿವೆ. ಇದು ಉಷ್ಣ ಗುಣದ್ದು, ಕಫ ಮತ್ತು ವಾತವನ್ನು ಶಮನಗೊಳಿಸುವಂಥದ್ದು ಎಂದು ಆಯುರ್ವೇದ ಹೇಳುತ್ತದೆ. ಅಜೀರ್ಣ, ಹೊಟ್ಟೆಯುಬ್ಬರ, ನೆಗಡಿ, ಕೆಮ್ಮುಗಳಿಗೆ ಎಲೆಯ ಕಷಾಯ ಕುಡಿಯುವ ರೂಢಿ ಹಲವು ಪ್ರಾಂತ್ಯಗಳಲ್ಲಿದೆ. ಅಕ್ಕಿ, ಬೇಳೆಯ ಡಬ್ಬಿಗಳಲ್ಲಿ ಹುಳು ಬಾರದಿರಲೆಂದು ಒಣ ಎಲೆ ಇಡುವುದೂ ಹಳೆಯ ಕ್ರಮ. ಇದರಿಂದ ಕೀಟಗಳು ಸ್ವಲ್ಪಮಟ್ಟಿಗೆ ದೂರವಿರಬಹುದು, ಆದರೆ ಧಾನ್ಯವನ್ನು ಚೆನ್ನಾಗಿ ಒಣಗಿಸಿಡುವುದಕ್ಕೆ ಇದು ಪರ್ಯಾಯವಲ್ಲ.

ಇತ್ತೀಚಿನ ವರ್ಷಗಳಲ್ಲಿ ಹೆಚ್ಚು ಪ್ರಚಾರ ಪಡೆದಿರುವುದು ಮಧುಮೇಹದ ಮಾತು. ಈ ಪ್ರಚಾರಕ್ಕೆ ಆಧಾರವಾಗಿ ಆಗಾಗ ಉಲ್ಲೇಖಿಸಲಾಗುವ, 2009ರಲ್ಲಿ ಪ್ರಕಟವಾದ ಪಾಕಿಸ್ತಾನದ ಅಧ್ಯಯನವೊಂದು ಟೈಪ್ 2 ಮಧುಮೇಹವಿದ್ದ 40 ಮಂದಿಯ ಮೇಲೆ 30 ದಿನಗಳ ಕಾಲ ನಡೆದಿತ್ತು. ದಿನಕ್ಕೆ 1ರಿಂದ 3 ಗ್ರಾಂ ಎಲೆಯ ಪುಡಿಯನ್ನು ಕ್ಯಾಪ್ಸೂಲ್ ರೂಪದಲ್ಲಿ ಸೇವಿಸಿದವರಲ್ಲಿ ರಕ್ತದ ಸಕ್ಕರೆ ಇಳಿಯಿತೆಂದು ಅದು ವರದಿ ಮಾಡಿತು. ಆದರೆ ಇಲ್ಲಿ ಗಮನಿಸಬೇಕಾದ ಎರಡು ಅಂಶಗಳಿವೆ. 40 ಮಂದಿಯ, ಒಂದು ತಿಂಗಳ ಅಧ್ಯಯನ ಚಿಕಿತ್ಸೆಯನ್ನು ನಿರ್ಧರಿಸಲು ಸಾಲದು. ಎರಡನೆಯದಾಗಿ, ಆ ಅಧ್ಯಯನ ಹೆಸರಿಸಿರುವ ಎಲೆ ಲಾರಸ್ ನೋಬಿಲಿಸ್, ನಮ್ಮ ಮನೆಗಳಲ್ಲಿ ಕುದಿಸುತ್ತಿರುವುದು ಸಿನ್ನಮೋಮಮ್ ತಮಾಲ. ಒಂದು ಎಲೆಯ ಫಲಿತಾಂಶವನ್ನು ಇನ್ನೊಂದಕ್ಕೆ ಅನ್ವಯಿಸಲು ಇಂಗ್ಲಿಷ್ ಹೆಸರು ಒಂದೇ ಎಂಬುದು ಕಾರಣವಾಗಲಾರದು. ವೈದ್ಯರು ಕೊಟ್ಟ ಮಾತ್ರೆ ಅಥವಾ ಇನ್ಸುಲಿನ್ ನಿಲ್ಲಿಸಿ ಕಷಾಯವನ್ನು ನಂಬುವುದು ಅಪಾಯಕರ. ಔಷಧದ ಜೊತೆಗೆ ಕಷಾಯ ಸೇವಿಸುವವರೂ ವೈದ್ಯರಿಗೆ ಆ ವಿಷಯ ತಿಳಿಸಬೇಕು.

ವಹಿಸಬೇಕಾದ ಎಚ್ಚರ

ಎಷ್ಟು ಬೇಯಿಸಿದರೂ ಈ ಎಲೆಗಳು ಮೆತ್ತಗಾಗುವುದಿಲ್ಲ. ನುಂಗಿದ ಬೇ ಎಲೆಯ ಚೂರು ಅನ್ನನಾಳ ಅಥವಾ ಕರುಳಿನಲ್ಲಿ ಸಿಕ್ಕಿಕೊಂಡ ಪ್ರಕರಣಗಳು ವೈದ್ಯಕೀಯ ನಿಯತಕಾಲಿಕಗಳಲ್ಲಿ ವರದಿಯಾಗಿವೆ. ಮಕ್ಕಳಿಗೆ ಮತ್ತು ವೃದ್ಧರಿಗೆ ಬಡಿಸುವ ಮುನ್ನ ಎಲೆಗಳನ್ನು ಎಣಿಸಿ ತೆಗೆಯುವುದು ಕ್ಷೇಮ.

ಆಕಾರ ನೋಡಿ ಉದ್ಯಾನದ ಎಲೆಗಳನ್ನು ಕಿತ್ತು ಅಡುಗೆಗೆ ಬಳಸುವುದಂತೂ ಸಲ್ಲದು. ನಮ್ಮಲ್ಲಿ ಬೇಲಿಗೂ ರಸ್ತೆ ವಿಭಜಕಗಳಿಗೂ ನೆಡುವ ಕಣಗಿಲೆಯ ಎಲೆ ಕೂಡ ಉದ್ದನೆಯದು, ದಪ್ಪನೆಯದು, ನಡುವೆ ಒಂದೇ ಮುಖ್ಯ ನರವುಳ್ಳದ್ದು. ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲ ತೀವ್ರ ವಿಷ ಅದರಲ್ಲಿದೆ. ಯುರೋಪಿನಲ್ಲಿ ಅಲಂಕಾರಕ್ಕೆ ಬೆಳೆಸುವ ಚೆರ‍್ರಿ ಲಾರೆಲ್ ಗಿಡ ಹೆಸರಿನಲ್ಲಿ ಲಾರೆಲ್ ಆದರೂ ಅದರ ಎಲೆ ವಿಷಕಾರಿ.

ಪ್ಯಾಕೆಟ್ ಒಡೆದಾಗ ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ಮುರಿದು ಮೂಸಿ ನೋಡಿ. ಮೂರು ನರಗಳಿದ್ದು ಚಕ್ಕೆ, ಲವಂಗದ ವಾಸನೆ ಬಂದರೆ ಅದು ಪಲಾವಿಗೆ ತಕ್ಕ ಎಲೆ.