ವಾದಕ್ಕೂ ಒಂದು ಫೀಸು

ನಮ್ಮ ಆಫೀಸಿನಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ನಾಲ್ಕು ವಿಷಯಗಳು ಪಾಳಿ ಹಚ್ಚಿದಂತೆ ಬರುತ್ತವೆ. ದೇವರು ಇದ್ದಾನೋ ಇಲ್ಲವೋ. ಮುಂದಿನ ಎಲೆಕ್ಷನ್‌ನಲ್ಲಿ ಯಾರು. ಎಐ ಬಂದು ನಮ್ಮ ಕೆಲಸ ಕಿತ್ಕೊಳ್ಳುತ್ತಾ. ಕೊನೆಗೆ, ಮನುಷ್ಯ ಅನ್ನೋ ಪ್ರಾಣಿ ಇನ್ನೊಂದು ಇನ್ನೂರು ವರ್ಷ ಇರ್ತಾನಾ. ಮಜ್ಜಿಗೆ ಅನ್ನಕ್ಕೆ ಬರುವಷ್ಟರಲ್ಲಿ ಯಾರಾದರೂ ಒಬ್ಬರು ನಿಟ್ಟುಸಿರು ಬಿಟ್ಟು ಹೇಳೇ ಹೇಳ್ತಾರೆ: "ಹಿಂದಿನವರಿಗೆ ಈ ತಲೆನೋವೇ ಇರಲಿಲ್ಲ ಬಿಡ್ರಿ."

ಈ ಮಾತಿಗೆ ನನ್ನ ತಕರಾರಿದೆ. ಇತ್ತು. ಇದೇ ನಾಲ್ಕು ತಲೆನೋವು, ಇದೇ ಕ್ರಮದಲ್ಲಿ. ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯ ಒಂದು ಹಳ್ಳಿಯ ಕತೆ ಸಾಕು ಇದನ್ನು ತೋರಿಸೋದಕ್ಕೆ. ಊರಿನ ಹೆಸರು ಸಿರಸಂಗಿ.

ಸಿರಸಂಗಿ ಅಂದ ಕೂಡಲೇ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಕಾಳಮ್ಮ, ಅಂದರೆ ಕಾಳಿಕಾದೇವಿ. ಯುಗಾದಿ ಹೊತ್ತಿಗೆ ಜಾತ್ರೆ. ದೂರದೂರದಿಂದ ವಿಶ್ವಕರ್ಮರು ಬರುತ್ತಾರೆ: ಕಬ್ಬಿಣ, ಮರ, ಕಂಚು, ಕಲ್ಲು, ಬಂಗಾರ, ಈ ಐದು ಕಸುಬಿನವರ ದೈವ ಅವಳು. ಧರ್ಮ ಬೇರೆ, ತಂತ್ರಜ್ಞಾನ ಬೇರೆ ಅಂತ ನಾವು ಎರಡು ಡಬ್ಬಿ ಮಾಡಿ ಇಟ್ಟಿದ್ದೀವಲ್ಲ, ಕುಲುಮೆ ಮುಂದೆ ಕೂತವನಿಗೆ ಆ ಎರಡು ಡಬ್ಬಿ ಇರಲೇ ಇಲ್ಲ. ನಾವೂ ಆಯುಧಪೂಜೆ ದಿನ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿ, ಮರುದಿನ ಅದೇ ಲ್ಯಾಪ್‌ಟಾಪಿನಲ್ಲಿ ಮೂಢನಂಬಿಕೆ ವಿರುದ್ಧ ಬರೀತೀವಿ. ಅದಿರಲಿ.

ನಾನು ಹೇಳಬೇಕೆಂದಿರುವುದು ಈ ಊರಿನ ವಾಡೆಯಲ್ಲಿದ್ದ ಒಬ್ಬ ದೇಸಾಯರ ಬಗ್ಗೆ. ಲಿಂಗರಾಜ ದೇಸಾಯಿ. ಬೆಳಗಾವಿಯಲ್ಲಿ ಓದಿದವರಿಗೆ 'ಲಿಂಗರಾಜ ಕಾಲೇಜು' ಗೊತ್ತು. ಆ ಹೆಸರಿನ ಹಿಂದಿರುವ ಮನುಷ್ಯ ಯಾರು ಅಂತ ಕೇಳಿದರೆ ಬಹಳ ಜನ "ಯಾರೋ ದಾನಿಗಳು" ಅಂತಾರೆ. ಯಾರೋ ದಾನಿಗಳು ನಿಜ. ಆದರೆ ಅವರು ಏನು ದಾನ ಮಾಡಿದರು, ಯಾವ ಕಾಲದಲ್ಲಿ ಮಾಡಿದರು ಅನ್ನೋದೇ ಕತೆ.

ಅವರು ಹುಟ್ಟಿದ್ದು 1861ರಲ್ಲಿ, ಶಿಗ್ಲಿಯಲ್ಲಿ. ಆಗಿನ ಹೆಸರು ರಾಮಪ್ಪ. ಸಿರಸಂಗಿ ದೇಸಗತಿಗೆ ವಾರಸುದಾರರಿಲ್ಲದೆ ಹುಡುಗನನ್ನು ದತ್ತು ತಂದರು, ರಾಮಪ್ಪ ಲಿಂಗರಾಜನಾದ. ಈ 'ದತ್ತು' ಅನ್ನೋ ಶಬ್ದವನ್ನು ಹಗುರವಾಗಿ ಓದಬೇಡಿ. ಅದೇ ಸೀಮೆಯ ಕಿತ್ತೂರಿನಲ್ಲಿ 1824ರಲ್ಲಿ ಒಂದು ದತ್ತಕವನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ. ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆ ಮುಂದೆ ಜೀವ ಕಳಕೊಂಡ, ಚೆನ್ನಮ್ಮ ಕೊನೆಗೆ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು, ಸಂಸ್ಥಾನವೇ ಹೋಯಿತು. ಒಂದು ಮಗು ಯಾರ ಮಗ ಅನ್ನೋ ಪ್ರಶ್ನೆಯಲ್ಲಿ ಆ ಕಾಲದ ರಾಜಕೀಯವೆಲ್ಲ ಅಡಗಿತ್ತು. ಲಿಂಗರಾಜರು ಬೆಳೆದದ್ದು ಆ ನೆನಪು ಇನ್ನೂ ಬಿಸಿಯಿದ್ದ ನೆಲದಲ್ಲಿ, ತಾವೇ ಒಬ್ಬ ದತ್ತುಪುತ್ರರಾಗಿ.

ಇನ್ನು ಧರ್ಮ. 2017-18ರಲ್ಲಿ 'ಲಿಂಗಾಯತ ಪ್ರತ್ಯೇಕ ಧರ್ಮ' ಅನ್ನೋ ವಾದ ಎಲ್ಲರ ಮನೆ ಊಟದ ಹೊತ್ತನ್ನೂ ಕೆಡಿಸಿದ್ದು ನಿಮಗೆ ನೆನಪಿರಬಹುದು. ಲಿಂಗಾಯತವೋ, ವೀರಶೈವವೋ, ಎರಡೂ ಒಂದೋ, ಹಿಂದೂವೋ, ಅಲ್ಲವೋ. ನ್ಯಾಯಮೂರ್ತಿ ನಾಗಮೋಹನ್ ದಾಸ್ ಸಮಿತಿ ವರದಿ ಕೊಟ್ಟಿತು, 2018ರ ಮಾರ್ಚ್‌ನಲ್ಲಿ ರಾಜ್ಯ ಸಂಪುಟ ಒಪ್ಪಿತು, ಕೇಂದ್ರ ಒಪ್ಪಲಿಲ್ಲ. ಮದುವೆಮನೆಗಳಲ್ಲಿ ಮಾವ-ಅಳಿಯ ಮಾತು ಬಿಟ್ಟರು. ಆಗ ಬಹಳ ಜನ ಇದನ್ನು ಎಲೆಕ್ಷನ್‌ಗೆ ಅಂತಲೇ ಹುಟ್ಟಿಸಿದ ಜಗಳ ಅಂದರು. ಎಲೆಕ್ಷನ್ ಹತ್ತಿರವಿತ್ತು, ಸುಳ್ಳಲ್ಲ. ಆದರೆ ಜಗಳದ ವಯಸ್ಸು ಅದಕ್ಕಿಂತ ಬಹಳ ದೊಡ್ಡದು. 1881ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನ ತಮ್ಮನ್ನು ಯಾವ ಕಾಲಂನಲ್ಲಿ ಬರೆಯಿತು ಅಂತಲೇ ಲಿಂಗಾಯತರು ಸಿಟ್ಟಾಗಿದ್ದರು. ಸರ್ಕಾರದ ಗುಮಾಸ್ತ ಗೆರೆ ಎಳೆದು "ನೀನು ಯಾರು?" ಅಂತ ಕೇಳಿದಾಗಲೇ ಈ ಪ್ರಶ್ನೆಗೆ ಹೊಸ ಕಾವು ಬಂದದ್ದು.

1904ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳ ಪ್ರೇರಣೆಯಿಂದ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯ ಮೊದಲ ಅಧಿವೇಶನ ಸೇರಿತು. ಅಧ್ಯಕ್ಷರು ಯಾರು? ಸಿರಸಂಗಿ ಲಿಂಗರಾಜರು. ನಾವು ಯಾರು, ನಮ್ಮ ಮಕ್ಕಳ ಗತಿ ಏನು ಅನ್ನೋ ಎರಡೂ ಪ್ರಶ್ನೆ ಅಲ್ಲಿ ಒಟ್ಟಿಗೇ ಕೂತಿದ್ದವು.

ಮೂರನೇದು ತಂತ್ರಜ್ಞಾನ. ಇದು ನನಗೆ ಬಹಳ ಇಷ್ಟವಾದ ಭಾಗ. ಹುಬ್ಬಳ್ಳಿ-ಧಾರವಾಡಕ್ಕೆ ರೈಲು ಬಂದದ್ದು 1880ರ ದಶಕದಲ್ಲಿ. ಹುಬ್ಬಳ್ಳಿಯಲ್ಲಿ ರೈಲ್ವೆ ಕಾರ್ಖಾನೆ ನಿಂತಿತು, ಹತ್ತಿ ವ್ಯಾಪಾರ ಬೆಳೆಯಿತು, ಊರು ಊರಾಯಿತು. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಅದೇ ರೈಲು ಹಿಡಿದು ಜನರ ಜೊತೆ ರೋಗವೂ ಈ ಕಡೆ ಇಳಿಯಿತು. ಸರ್ಕಾರ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. 2020ರ ಮಾರ್ಚ್‌ನಲ್ಲಿ ನಮ್ಮನ್ನೆಲ್ಲ ಮನೆಯೊಳಗೆ ಕೂರಿಸುವಾಗ ಸರ್ಕಾರಗಳು ಹುಡುಕಿ ತೆಗೆದದ್ದು ಅದೇ ಹಳೇ ಕಾಯ್ದೆಯನ್ನು. ಸ್ಟೇಷನ್‌ಗಳಲ್ಲಿ ಹೆಂಗಸರು-ಗಂಡಸರು ಅನ್ನದೆ ಮೈ ಮುಟ್ಟಿ ತಪಾಸಣೆ, ಮನೆಯೊಳಗೆ ನುಗ್ಗಿ ಹುಡುಕಾಟ. ಸಿಟ್ಟು ಎಲ್ಲಿಗೆ ಹೋಯಿತು ಅಂದರೆ ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನನ್ನು 1897ರಲ್ಲಿ ಗುಂಡಿಟ್ಟು ಕೊಂದರು.

ಹಾಗೇ ಗಾಳಿಸುದ್ದಿ. ಮುಂಬಯಿಯಲ್ಲಿ ರಾಣಿ ವಿಕ್ಟೋರಿಯಾ ಪ್ರತಿಮೆಗೆ ಯಾರೋ ಮಸಿ ಬಳಿದಿದ್ದರು. ಅದಕ್ಕೆ ಸೇಡಾಗಿ ಆಸ್ಪತ್ರೆಗೆ ಒಯ್ದವರ ಗುಂಡಿಗೆ ಕಿತ್ತು ರಾಣಿಗೆ ಕಳಿಸ್ತಾರೆ ಅಂತ ಸುದ್ದಿ. ಫೋನಿಲ್ಲದ ಕಾಲ, ಫಾರ್ವರ್ಡ್ ಬಟನ್ ಇಲ್ಲದ ಕಾಲ. ಆದರೂ ಸುದ್ದಿ ಓಡಿತು.

ಇದರ ನಡುವೆ ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗ್ ಲಸಿಕೆ ತಯಾರಿಸಿ, 1897ರ ಜನವರಿಯಲ್ಲಿ ಮೊದಲು ತನಗೇ ಚುಚ್ಚಿಕೊಂಡ. ಅದರ ದೊಡ್ಡ ಪ್ರಯೋಗಗಳಲ್ಲಿ ಒಂದು ನಡೆದದ್ದು 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ. ಸಾವಿರಾರು ಜನ ಚುಚ್ಚಿಸಿಕೊಂಡರು. ಹಾಗಾದರೆ ವಾದ ಮುಗೀತಾ? ಇಲ್ಲ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಬಾಟಲಿಯ ಲಸಿಕೆ ಹಾಕಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ಹಾಫ್‌ಕಿನ್‌ನ ಕೆಲಸವೇ ಹೋಯಿತು. ತಪ್ಪು ಅವನ ಪ್ರಯೋಗಾಲಯದ್ದಲ್ಲ, ಹಳ್ಳಿಯಲ್ಲಿ ಬಾಟಲಿ ತೆರೆಯುವಾಗ ಕೊಳೆ ಸೇರಿರಬೇಕು ಅನ್ನೋದು ಹೊರಬೀಳಲು ವರ್ಷಗಳೇ ಹಿಡಿದವು. ಇವತ್ತು ಹೊಸ ತಂತ್ರಜ್ಞಾನ ಅಂದ ಕೂಡಲೇ ಒಬ್ಬ "ಇದರಿಂದ ಎಲ್ಲಾ ಸರಿಹೋಗುತ್ತೆ" ಅಂತಾನೆ, ಇನ್ನೊಬ್ಬ "ಇದರಿಂದ ಎಲ್ಲಾ ಹಾಳಾಗುತ್ತೆ" ಅಂತಾನೆ. ಹುಬ್ಬಳ್ಳಿ ಮತ್ತು ಮುಲ್ಕೋವಾಲ್ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವವರು ಆಗಲೂ ಕಡಿಮೆ, ಈಗಲೂ ಕಡಿಮೆ.

ಹೀಗೆ ಜನಗಣತಿ, ಪ್ಲೇಗು, ಲಸಿಕೆ, ರೈಲು, ಬ್ರಿಟಿಷರು. ಲಿಂಗರಾಜರ ನಡುವಯಸ್ಸಿನ ವರ್ಷಗಳು ಇವೇ. ಈಗ ನಾಲ್ಕನೇ ಪ್ರಶ್ನೆ: ಮುಂದೇನು?

ಇಲ್ಲಿ ಒಂದು ವಿವರ ಗಮನಿಸಿ. ಧಾರವಾಡದ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಅಂದರೆ ಅದಕ್ಕೂ ಮೊದಲು ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳ ಹುಡುಗ ಮೆಟ್ರಿಕ್ ಪಾಸಾದರೆ ಕಾಲೇಜಿಗೆ ಪುಣೆಗೋ ಮುಂಬಯಿಗೋ ಹೋಗಬೇಕು. ರೈಲ್ ಚಾರ್ಜು, ಫೀಸು, ಊಟದ ಖರ್ಚು, ಬಾಡಿಗೆ. ಜೋಳದ ಹೊಲ ಬಿಟ್ಟರೆ ಬೇರೆ ಆಸ್ತಿಯಿಲ್ಲದ ಅಪ್ಪ ಎಲ್ಲಿಂದ ತರಬೇಕು? ಆಫೀಸುಗಳಲ್ಲಿ, ಕೋರ್ಟುಗಳಲ್ಲಿ, ಪತ್ರಿಕೆಗಳಲ್ಲಿ ನಡೆಯುತ್ತಿದ್ದ ವಾದ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ನಡೆಯುತ್ತಿತ್ತು. ಇವನ ಬಗ್ಗೆಯೇ ವಾದ, ಇವನೇ ಅಲ್ಲಿಲ್ಲ.

ಲಿಂಗರಾಜರಿಗೆ ವಾರಸುದಾರ ಮಕ್ಕಳಿರಲಿಲ್ಲ. ಅಂಥ ದೇಸಾಯರು ಏನು ಮಾಡುತ್ತಿದ್ದರು ಅನ್ನೋದಕ್ಕೆ ಅವರದೇ ಬದುಕು ಉದಾಹರಣೆ: ಒಬ್ಬ ಹುಡುಗನನ್ನು ದತ್ತು ತರೋದು, ಹೆಸರು ಬದಲಿಸೋದು, ವಾಡೆ ಕೈಗೆ ಕೊಡೋದು. ಅವರು ಬೇರೆ ದಾರಿ ಹಿಡಿದರು. ದೇಸಗತಿಯ ಆಸ್ತಿಯ ಆದಾಯ ಲಿಂಗಾಯತ ವಿದ್ಯಾರ್ಥಿಗಳ ಓದಿಗೆ ಹೋಗಲಿ ಅಂತ ಮೃತ್ಯುಪತ್ರ ಬರೆದರು. 1906ರಲ್ಲಿ, 45ನೇ ವಯಸ್ಸಿನಲ್ಲಿ ತೀರಿಕೊಂಡರು. ನವಲಗುಂದ-ಸಿರಸಂಗಿ ಟ್ರಸ್ಟ್ ಹುಟ್ಟಿದ್ದು ಹೀಗೆ. ಒಬ್ಬ ಹುಡುಗನಿಗೆ ಸಿಗಬೇಕಿದ್ದ ವಾಡೆಯ ದುಡ್ಡು ತಮಗೆ ಗೊತ್ತೇ ಇಲ್ಲದ ನೂರಾರು ಹುಡುಗರ ಫೀಸಾಯಿತು. ಜನ ಅವರನ್ನು 'ತ್ಯಾಗವೀರ' ಅಂದರು. ಬಿರುದುಗಳ ಬಗ್ಗೆ ನನಗೆ ಸಾಮಾನ್ಯವಾಗಿ ಅನುಮಾನ. ಈ ಬಿರುದಿನ ಬಗ್ಗೆ ಇಲ್ಲ.

ಆಮೇಲಿನದು ಬೇಗ ಹೇಳ್ತೀನಿ. 1910ರಲ್ಲಿ ವಿಜಾಪುರದಲ್ಲಿ ಫ.ಗು. ಹಳಕಟ್ಟಿಯವರು ಬಿಎಲ್‌ಡಿಇ ಸಂಸ್ಥೆ ಕಟ್ಟಿದರು. 1916ರಲ್ಲಿ ಬೆಳಗಾವಿಯಲ್ಲಿ 'ಸಪ್ತರ್ಷಿಗಳು' ಅಂತ ಹೆಸರಾದ ಏಳು ಜನ ಕೆಎಲ್‌ಇ ಸಂಸ್ಥೆ ಶುರು ಮಾಡಿದರು. 1933ರಲ್ಲಿ ಅದೇ ಸಂಸ್ಥೆ ಬೆಳಗಾವಿಯಲ್ಲಿ ಕಾಲೇಜು ತೆರೆದಾಗ ಲಿಂಗರಾಜರ ಹೆಸರಿಟ್ಟಿತು. ಇಷ್ಟರೊಳಗೆ ಹಳಕಟ್ಟಿಯವರು ಮನೆಮನೆ, ಮಠಮಠ ಅಲೆದು ತಾಳೆಗರಿ ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಅಚ್ಚು ಹಾಕಿಸಿದ್ದರು. ಆಮೇಲೆ ಮನೆ ಮಾರಿ ಮುದ್ರಣಾಲಯ ಹಾಕಿದರು. ಇವತ್ತು ಲಿಂಗಾಯತವೋ ವೀರಶೈವವೋ ಅಂತ ಜಗಳ ಆಡುವ ಎರಡೂ ಕಡೆಯವರು ಕೈಯಲ್ಲಿ ಹಿಡಿಯುವ ಸಾಕ್ಷಿ ಈ ಕೆಲಸದಿಂದ ಬಂದದ್ದು. ಓದು ಬಂದ ಮೇಲೆ ಜಗಳ ನಿಲ್ಲಲಿಲ್ಲ. ಸಾಕ್ಷಿ ಇಟ್ಟುಕೊಂಡು ಜಗಳ ಆಡುವುದು ಶುರುವಾಯಿತು. ಅದೇನು ಸಣ್ಣ ಬದಲಾವಣೆಯಲ್ಲ.

ಆ ಬದಲಾವಣೆ ಎಷ್ಟು ನಾಜೂಕಿನದು ಅನ್ನೋದನ್ನೂ ನಮ್ಮ ಸೀಮೆಯೇ ತೋರಿಸಿತು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಜೀವಮಾನವಿಡೀ ಶಾಸನ, ವಚನ ಓದಿದ ಮೇಷ್ಟ್ರು. ಅವರ ತೀರ್ಮಾನಗಳನ್ನು ಒಪ್ಪದವರು ಬಹಳ ಜನ ಇದ್ದರು. ಒಪ್ಪದಿದ್ದರೆ ಇನ್ನೊಂದು ಪುಸ್ತಕ ಬರೆಯಬಹುದಿತ್ತು. ಊಟದ ಟೇಬಲ್ ಮೇಲೆ "ಇಂಥವರಿಗೆ ಹಿಂಗೇ ಆಗಬೇಕು" ಅಂತ ಯಾರಾದರೂ ಅಂದಾಗ ನನಗೆ ಡಬ್ಬಿ ಮುಚ್ಚಿ ಏಳಬೇಕು ಅನ್ನಿಸೋದು ಇದಕ್ಕೇ. ಆ ಮಾತು ಹರಟೆಯಲ್ಲ.

ಲಿಂಗರಾಜರನ್ನು ದೇವರು ಮಾಡುವುದೂ ಬೇಡ. ಅವರ ಮೃತ್ಯುಪತ್ರ ಒಂದು ಸಮಾಜಕ್ಕೆ ಬಾಗಿಲು ತೆರೆಯಿತು, ಎಲ್ಲರಿಗೂ ಅಲ್ಲ. ಅದೇ ಸವದತ್ತಿಯಲ್ಲಿ ಎಲ್ಲಮ್ಮನ ಗುಡ್ಡವಿದೆ. ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ಹುಡುಗಿಯರು, ಹೆಚ್ಚಿನವರು ದಲಿತರ ಮನೆಯವರು, ಯಾವ ಮಹಾಸಭೆಯ ಪ್ರತಿನಿಧಿಗಳೂ ಆಗಿರಲಿಲ್ಲ. ಅವರ ವಿಷಯಕ್ಕೆ ಮುಂಬಯಿ ಸರ್ಕಾರ ಕಾನೂನು ತಂದದ್ದು 1934ರಲ್ಲಿ, ಕರ್ನಾಟಕ ತನ್ನದೇ ಕಾಯ್ದೆ ಮಾಡಿದ್ದು 1982ರಲ್ಲಿ. ಧರ್ಮದ ಬಗ್ಗೆ, ಭವಿಷ್ಯದ ಬಗ್ಗೆ ಇಡೀ ಸೀಮೆ ವಾದ ಮಾಡುತ್ತಿದ್ದಾಗ ಆ ಹುಡುಗಿಯರ ಭವಿಷ್ಯ ಯಾರ ಮಾತಿನಲ್ಲೂ ಬರಲು ಇಷ್ಟು ಹೊತ್ತಾಯಿತು. ಹಾಗಾಗಿ ಯಾವ ವಾದ ಕೇಳಿದರೂ ನನಗೆ ಈಗ ಒಂದು ಚಟ ಬಿದ್ದಿದೆ: ಇಲ್ಲಿ ಕೂತಿಲ್ಲದವರು ಯಾರು ಅಂತ ನೋಡೋದು.

ನಮ್ಮ ಟೇಬಲ್ಲನ್ನೇ ತಗೊಳ್ಳಿ. ಎಐ ಬಂದರೆ ಮನುಷ್ಯನ ಗತಿ ಏನು ಅಂತ ಚರ್ಚೆ ಮಾಡುವ ಆರು ಜನರಲ್ಲಿ ಮೂವರು ಉತ್ತರ ಕರ್ನಾಟಕದವರು. ಮೂವರೂ ಇಂಥದೇ ಯಾವುದೋ ಸಂಸ್ಥೆಯ ಹೈಸ್ಕೂಲು, ಯಾವುದೋ ಮಠದ ಬೋರ್ಡಿಂಗು, ಯಾವುದೋ ಸ್ಕಾಲರ್‌ಶಿಪ್ಪಿನಿಂದ ಇಲ್ಲಿ ತನಕ ಬಂದವರು. ತಟ್ಟೆ ಎತ್ತಿಕೊಂಡು ಹೋಗುವ ಹುಡುಗ ರಾಮದುರ್ಗದ ಕಡೆಯವನು, ಪಿಯುಸಿಗೆ ಓದು ಬಿಟ್ಟವನು. ಮಷೀನು ಮೊದಲು ತಿನ್ನುವುದು ಯಾರ ಕೆಲಸವನ್ನ ಅಂತ ಅವನನ್ನು ನಾವು ಕೇಳಿಲ್ಲ.

ದೇವರು ಇದ್ದಾನೋ ಇಲ್ಲವೋ, ಮನುಷ್ಯ ಉಳೀತಾನೋ ಇಲ್ಲವೋ, ನನಗೆ ಗೊತ್ತಿಲ್ಲ. ವಾದ ಮಾಡೋಣ, ಮಜಾ ಇರುತ್ತೆ. ಆದರೆ ಸಿರಸಂಗಿಯ ದೇಸಾಯರು ಮಾಡಿದ ಲೆಕ್ಕ ಸರಳವಾಗಿತ್ತು: ಭವಿಷ್ಯ ಹೇಗಿರುತ್ತೆ ಅಂತ ಹೇಳೋದಕ್ಕಿಂತ, ಅದರ ಬಗ್ಗೆ ಮಾತಾಡಬಲ್ಲವರ ಸಂಖ್ಯೆ ಹೆಚ್ಚಿಸೋದು. ಅವರ ಹತ್ತಿರ ದೇಸಗತಿ ಇತ್ತು, ನಮ್ಮ ಹತ್ತಿರ ಇಎಂಐ ಇದೆ, ಒಪ್ಪಿದೆ. ಆರು ಜನ ಕೂಡಿದರೆ ಒಬ್ಬ ಹುಡುಗನ ಡಿಗ್ರಿ ಫೀಸು ಅಂಥಾ ದೊಡ್ಡ ಮೊತ್ತವೇನಲ್ಲ. ಈ ಸಲ ಜೂನ್‌ನಲ್ಲಿ ಅಡ್ಮಿಷನ್ ಶುರುವಾಗುವ ಮೊದಲು ಆ ಮಾತನ್ನು ಟೇಬಲ್ ಮೇಲೆ ಇಡಬೇಕು ಅಂತಿದ್ದೀನಿ. ಎಐ ವಿಷಯ ಅವತ್ತೊಂದು ದಿನ ಕಾಯಲಿ.