ಹ್ಯಾಸ್ಕೆಲ್ ಕೋಡ್ ಬರವಣಿಗೆ: ಬೆಂಗಳೂರು, ಹೈದರಾಬಾದ್

ಹ್ಯಾಸ್ಕೆಲ್ ಒಂದು ಶುದ್ಧ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆ. ಅದು ಹುಟ್ಟಿದ್ದು 1987ರಲ್ಲಿ ಎಂದು ಕೆಲವರೂ 1990ರಲ್ಲಿ ಎಂದು ಇನ್ನು ಕೆಲವರೂ ಬರೆಯುತ್ತಾರೆ. ಭಾಷೆಯನ್ನು ರೂಪಿಸಲು ಸಮಿತಿ ಬೇಕೆಂದು ಪೋರ್ಟ್‌ಲೆಂಡ್‌ನಲ್ಲಿ ನಡೆದ ಒಂದು ಸಮ್ಮೇಳನದಲ್ಲಿ ತೀರ್ಮಾನವಾದದ್ದು 1987ರಲ್ಲಿ. ಮೊದಲ ವರದಿ ಬಂದದ್ದು 1990ರಲ್ಲಿ. ಮುಂದೆ ‘ಹ್ಯಾಸ್ಕೆಲ್ 98’ ಮತ್ತು ‘ಹ್ಯಾಸ್ಕೆಲ್ 2010’ ಎಂಬ ಪ್ರಮಾಣಿತ ರೂಪಗಳು ಹೊರಬಂದವು.

ಮೂಲದ ಗೊಂದಲ

ಭಾಷೆಯ ಹುಟ್ಟಿನಂತೆ ಅದರಲ್ಲಿ ಬರೆದ ಒಂದು ಕೋಡ್‌ನ ಮೂಲದಲ್ಲೂ ಗೊಂದಲವಿದೆ. ಹೈದರಾಬಾದಿನಲ್ಲಿ 2024ರಲ್ಲಿ ಬಂದ ‘ಮನ ಯಾತ್ರಿ’ ಬಾಡಿಗೆ ಸವಾರಿ ಆ್ಯಪ್‌ನ ಸರ್ವರ್ ಭಾಗ ಹ್ಯಾಸ್ಕೆಲ್‌ನಲ್ಲಿದೆ. ಅದರ ಮೂಲವನ್ನು ಸಾಮಾನ್ಯವಾಗಿ 2022ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಶುರುವಾದ ‘ನಮ್ಮ ಯಾತ್ರಿ’ಗೆ ಒಯ್ಯಲಾಗುತ್ತದೆ. ಆದರೆ ಜಸ್‌ಪೇ ಕಂಪನಿ ಕೊಚ್ಚಿಯಲ್ಲಿ ‘ಯಾತ್ರಿ’ಯನ್ನು 2021ರಲ್ಲೇ ಹೊರತಂದಿತ್ತು. ಆದ್ದರಿಂದ ಬೆಂಗಳೂರನ್ನು ಆರಂಭವೆನ್ನುವುದಕ್ಕಿಂತ ಈ ಕೆಲಸ ಬೆಳೆದು ಹೆಸರಾದ ಊರು ಎನ್ನುವುದು ಸರಿ. ಇಂದು ಹಲವು ಊರುಗಳಲ್ಲಿ ಬೇರೆ ಬೇರೆ ಹೆಸರಿದ್ದರೂ ಹಿಂದಿರುವ ಕೋಡ್ ಒಂದೇ. ಅದು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಮುಕ್ತ.

ಬರವಣಿಗೆಯ ರೀತಿ

ಪ್ರಯಾಣಿಕರ ಭಾಗ, ಚಾಲಕರ ಭಾಗ ಎಂದು ಈ ಕೋಡ್‌ನಲ್ಲಿ ಎರಡು ದೊಡ್ಡ ವಿಭಾಗಗಳಿವೆ. ಗುರುತಿನ ಸಂಖ್ಯೆಗಳೆಲ್ಲ ಒಳಗೆ ಬರೀ ಅಕ್ಷರಸಾಲು. ಹಾಗೇ ಬಿಟ್ಟರೆ ಸವಾರಿಯ ಗುರುತನ್ನು ಕೇಳುವ ಕಡೆ ವ್ಯಕ್ತಿಯ ಗುರುತು ನುಸುಳಿದರೂ ಗೊತ್ತಾಗದು. ಹಾಗಾಗಿ ಪ್ರತಿ ಗುರುತಿಗೂ ‘ಇದು ವ್ಯಕ್ತಿಯದು’, ‘ಇದು ಸವಾರಿಯದು’ ಎಂಬ ಟೈಪ್ ಮುದ್ರೆ ಬೀಳುತ್ತದೆ. ಅದಲುಬದಲಾದರೆ ಕಂಪೈಲರ್ ಅಲ್ಲೇ ತಡೆಯುತ್ತದೆ. ಹೊಸಬರಿಗೆ ಫಂಕ್ಷನ್ನಿನ ಮೊದಲ ಸಾಲೇ ಅದಕ್ಕೆ ಏನು ಬೇಕೆಂದು ಹೇಳಿಬಿಡುತ್ತದೆ.

ಹ್ಯಾಸ್ಕೆಲ್ ಬಳಗದಲ್ಲಿ ಇಂದಿಗೂ ಒಮ್ಮತವಿಲ್ಲದ ವಿಷಯ ಚುಟುಕುತನ. ಆರ್ಗ್ಯುಮೆಂಟ್‌ಗಳನ್ನು ಹೆಸರಿಸದೆ ಫಂಕ್ಷನ್‌ಗಳನ್ನು ಚುಕ್ಕಿಯಿಂದ ಪೋಣಿಸುವ ‘ಪಾಯಿಂಟ್-ಫ್ರೀ’ ಶೈಲಿ ಎರಡು ಮೂರು ಹಂತಗಳಿಗೆ ಚೆನ್ನ. ಅದಕ್ಕಿಂತ ಉದ್ದವಾದರೆ ನಡುವಿನ ಮೌಲ್ಯಗಳಿಗೆ ‘ವೇರ್’ ಎಂಬ ಪದದ ಕೆಳಗೆ ಹೆಸರು ಕೊಡುವುದೇ ಓದುವವರಿಗೆ ಅನುಕೂಲ. ಹಲವರ ಕೈ ದಾಟಿ ಬೆಳೆಯುವ ಕೋಡ್‌ಗೆ ಈ ಎರಡನೆಯ ದಾರಿಯೇ ಒಗ್ಗುತ್ತದೆ.

ಈಚಿನ ತಿರುವು

ಕೋಡ್ ಬೆಳೆದಂತೆ ಡೇಟಾಬೇಸ್ ಪ್ರಶ್ನೆಗಳು, ಎಪಿಐ ಟೈಪ್‌ಗಳು ಒಂದೇ ಅಚ್ಚಿನಲ್ಲಿ ಮತ್ತೆ ಮತ್ತೆ ಬರಬೇಕಾಯಿತು. ಇದಕ್ಕಾಗಿ ಬಂದ ಸಾಧನ ‘ನಮ್ಮ ಡಿಎಸ್‌ಎಲ್’. ಬೇಕಾದ್ದನ್ನು ಯಾಮಲ್ ಎಂಬ ಪಠ್ಯರೂಪದ ಕಡತದಲ್ಲಿ ವಿವರಿಸಿದರೆ ಅದು ಹ್ಯಾಸ್ಕೆಲ್ ಕೋಡ್ ತಯಾರಿಸುತ್ತದೆ. ತಯಾರಾದ ಕೋಡ್ ‘ಓದಲು ಮಾತ್ರ’ ಎಂಬ ಬೇರೆ ಫೋಲ್ಡರಿನಲ್ಲಿರುತ್ತದೆ. ಅದನ್ನು ಕೈಯಿಂದ ತಿದ್ದುವಂತಿಲ್ಲ. ಭಾಷೆಯ ಹೊಸ ಆವೃತ್ತಿಗಳಿಗಿಂತ ಇದೇ ಇಲ್ಲಿನ ಬರವಣಿಗೆಯ ಮುಖ್ಯ ತಿರುವು. ಯಾಂತ್ರಿಕ ಭಾಗ ಯಂತ್ರದ ಪಾಲಾದ ಮೇಲೆ, ದರ ಲೆಕ್ಕ, ಚಾಲಕರ ಹಂಚಿಕೆಯಂಥ ನಿರ್ಧಾರಗಳ ಕೋಡ್ ಮನುಷ್ಯರ ಕೈಯಲ್ಲಿ ಉಳಿಯುತ್ತದೆ. ಸ್ಪಷ್ಟ ಬರವಣಿಗೆ ಬೇಕಿರುವುದೂ ಅಲ್ಲಿಯೇ.